ಇಜ್ಮಿರಿನಲ್ಲಿ ಒಡೆದ ಹಸಿರು ಪದಕ

ಆಳಂದ

ನನ್ನನ್ನು ಪರದೇಶಕ್ಕೆ ಕಳಿಸಿದ್ದು ಒಡೆದ ಬಳೆ. ಮಾವನವರದು ಆಳಂದದ ಪೇಟೆಯಲ್ಲಿ ಬಳೆ ಅಂಗಡಿ. ಹೆಣ್ಣುಮಕ್ಕಳ ಕೈಗೆ ಬಳೆ ಇಡಿಸುವಾಗ ಎಷ್ಟು ನಾಜೂಕು ಮಾಡಿದರೂ ದಿನಕ್ಕೆ ನಾಲ್ಕಾರು ಚಟ್ಟೆನ್ನುತ್ತಿದ್ದವು. ಆ ಚೂರುಗಳನ್ನು ಅವರು ಎಸೆಯದೆ ಒಂದು ಎಣ್ಣೆ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ನಮ್ಮ ಮನೆಯವರು ಗುಲ್ಬರ್ಗಾದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆಗಳನ್ನು ಉರಿಯಲ್ಲಿ ಕಾಯಿಸಿ ಬಾಗಿಸುವ, ಬೆಸೆಯುವ ಕೆಲಸದಲ್ಲಿದ್ದರು. ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಸೊಸೆಯಾಗಿ ಬಂದ ನನಗೆ, ಮಾವನ ಡಬ್ಬಿಯಲ್ಲಿದ್ದದ್ದನ್ನು ಗಂಡನ ಉರಿಗೆ ಹಿಡಿದರೆ ಏನಾದೀತು ಎಂಬ ಕುತೂಹಲ ಹುಟ್ಟಿತು. ಆಗಿದ್ದು ಕೊರಳಿಗೆ ಕಟ್ಟುವ ಪದಕ.

ಕೆಲಸ ಹೇಳುವಷ್ಟು ಕಷ್ಟದ್ದಲ್ಲ. ಕಬ್ಬಿಣದ ತಂತಿಗೆ ಜೇಡಿಮಣ್ಣು ಬಳಿದು ಒಣಗಿಸಬೇಕು. ಅದರ ಮೇಲೆ ಕರಗಿದ ಗಾಜನ್ನು ಸುತ್ತಬೇಕು, ಬೇರೆ ಬಣ್ಣವನ್ನು ಹನಿ ಹನಿಯಾಗಿ ಇಡಬೇಕು, ಚಪ್ಪಟೆ ಕಬ್ಬಿಣದಿಂದ ಒತ್ತಿ ವೀಳ್ಯದೆಲೆಯದೋ ಹುಣಸೆ ಬೀಜದ್ದೋ ಆಕಾರ ಕೊಡಬೇಕು. ಆರಿದ ಮೇಲೆ ತಂತಿ ಎಳೆದು ಮಣ್ಣು ಉದುರಿಸಿದರೆ ದಾರ ಪೋಣಿಸುವ ತೂತು ತಾನೇ ಬಂದಿರುತ್ತದೆ. ಇಷ್ಟನ್ನು ಯಾರಿಗಾದರೂ ಆರು ತಿಂಗಳಲ್ಲಿ ಕಲಿಸಬಲ್ಲೆ. ಕಷ್ಟವಿರುವುದು ತಣಿಸುವುದರಲ್ಲಿ. ಗಾಜು ಹೊರಗಿನಿಂದ ಬೇಗ ಆರುತ್ತದೆ, ಹೊಟ್ಟೆಯೊಳಗೆ ಬಿಸಿ ಉಳಿಯುತ್ತದೆ. ಎರಡರ ಎಳೆದಾಟದಲ್ಲಿ ಬಿರುಕು ಬಿಡುತ್ತದೆ. ಅದಕ್ಕೆ ನಾನು ಪದಕವನ್ನು ಸಣ್ಣ ಉರಿಯ ಅಂಚಿನಲ್ಲಿ ತಿರುಗಿಸುತ್ತ, ಕೆಂಪು ಇಳಿದ ಮೇಲೆ ಬಿಸಿ ಬೂದಿಯಲ್ಲಿ ಹೂಳುತ್ತಿದ್ದೆ. ಅದೂ ನಿಂಬರ್ಗಾದಿಂದ ತರಿಸಿದ ತೊಗರಿ ಕಟ್ಟಿಗೆಯ ಬೂದಿ, ಎರಡು ಸಲ ಜರಡಿ ಹಿಡಿದದ್ದು. ಹತ್ತು ವರ್ಷದಲ್ಲಿ ನನ್ನ ಒಂದು ಪದಕವೂ ಒಡೆದು ವಾಪಸ್ಸು ಬಂದಿರಲಿಲ್ಲ. ಇದನ್ನು ನಾನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿರಲಿಲ್ಲ.

ಎಂಬತ್ತರ ದಶಕದ ಮಧ್ಯದಲ್ಲಿ ತುರ್ಕಿಯ ಇಜ್ಮಿರ್ ಎಂಬ ಕಡಲ ದಂಡೆಯ ಊರಿನ ವಸ್ತುಪ್ರದರ್ಶನಕ್ಕೆ ನಮ್ಮ ಕಡೆಯಿಂದ ಕೆಲವು ಕೈಕಸುಬಿನವರನ್ನು ಆರಿಸಿದರು. ಅದರಲ್ಲಿ ನನ್ನ ಹೆಸರಿತ್ತು. ನನ್ನ ಜೊತೆಗೆ ಅಫಜಲಪುರ ತಾಲೂಕಿನ ಗೊಬ್ಬೂರಿನ ಕಾಶವ್ವ, ಕೌದಿ ಹೊಲಿಯುವವಳು. ನನಗಿಂತ ಹದಿನೈದು ವರ್ಷ ದೊಡ್ಡವಳು, ಬೌದ್ಧ ಮನೆತನದ ಹೆಣ್ಣುಮಗಳು, ಗುಲ್ಬರ್ಗಾ ದಾಟಿ ಹೋದವಳಲ್ಲ, ಆದರೆ ಯಾವ ಊರನ್ನೂ ಗೊಬ್ಬೂರಿಗಿಂತ ದೊಡ್ಡದೆಂದು ಒಪ್ಪುವವಳೂ ಅಲ್ಲ. ನಮ್ಮನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ಕೈಕಸುಬು ಇಲಾಖೆಯ ದೇಸಾಯಿ ಸಾಹೇಬರದು.

ವಿಮಾನ ಬದಲಿಸಿದ ಊರು

ಮುಂಬಯಿಯಿಂದ ಹೊರಟ ಮೇಲೆ ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ನನ್ನ ಚೀಲ ಬಿಚ್ಚಿಸಿದರು. ಮೇಲೆ ಸೀರೆ, ಅದರ ಕೆಳಗೆ ಬಳೆ ಚೂರಿನ ಡಬ್ಬಿ, ಅದರ ಕೆಳಗೆ ಐದು ಸೇರಿನಷ್ಟು ಬೂದಿ, ಬಟ್ಟೆಯ ಗಂಟಿನಲ್ಲಿ.

ಅಧಿಕಾರಿ ಗಂಟು ಬಿಚ್ಚಿ ನೋಡಿದ. ಮೂಸಿದ. ಬೆರಳಿಂದ ತಿಕ್ಕಿದ. ಇನ್ನಿಬ್ಬರನ್ನು ಕರೆದ. ಅದು ಬರೀ ಬೂದಿ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಬೂದಿಯನ್ನು ಯಾರಾದರೂ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೊರುತ್ತಾರೆಯೇ ಎಂದು ಅವನು ಕೇಳಿದ. ಕೇಳಿದ್ದು ತಪ್ಪೂ ಅಲ್ಲ. ಅಪಾಯದ ವಸ್ತುವಲ್ಲ ಎಂದು ತೋರಿಸಲು ನಾನು ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡೆ. ನಮ್ಮ ಮನೆಯಲ್ಲಿ ದಿನಾ ವಿಭೂತಿ ಧರಿಸುವ ಕೈ, ಗೆರೆ ಚೆನ್ನಾಗಿಯೇ ಬಂದವು. ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು.

ಕಾಶವ್ವ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು.

"ಬೇ ಮಹಾನಂದಾ, ನೀ ಹಚ್ಚಿಕೊಂಡಷ್ಟೂ ಅವರಿಗಿ ಸಂಶೇ ಜಾಸ್ತಿ ಆಗಾಕತ್ತದ. ಬಿಟ್ಟುಬಿಡು."

"ಯಕ್ಕಾ, ಬೂದಿ ಇಲ್ದ ನಾ ಅಲ್ಲಿ ಹೋಗಿ ಏನ್ ಮಾಡ್ಲಿ?"

"ಒಲಿ ಇರೂ ಊರಾಗ ಬೂದಿ ಇರ್ತದ. ನಡಿ, ವಿಮಾನ ತಪ್ಪತದ."

ಬೂದಿಯನ್ನು ಪರೀಕ್ಷೆಗೆಂದು ಇಟ್ಟುಕೊಂಡು, ಅದಕ್ಕೊಂದು ರಸೀದಿ ಕೊಟ್ಟರು. ನಿಂಬರ್ಗಾದ ಆ ತೊಗರಿ ಬೂದಿ ಮತ್ತೆ ನನ್ನ ಕೈ ಸೇರಲಿಲ್ಲ.

ಇಜ್ಮಿರಿಗೆ ಬಸ್ಸು

ಇಸ್ತಾಂಬುಲಿನಿಂದ ಇಜ್ಮಿರಿಗೆ ಬಸ್ಸಿನಲ್ಲಿ ಹೋದೆವು. ನಮ್ಮ ಬಸ್ಸುಗಳಲ್ಲಿ ಕಂಡಕ್ಟರು ಟಿಕೆಟ್ಟಿಗಾಗಿ ಮಾತ್ರ ಕೈ ಚಾಚುತ್ತಾನೆ. ಅಲ್ಲಿ ಒಬ್ಬ ಹುಡುಗ ಬಾಟಲಿ ಹಿಡಿದು ಬಂದು ಎಲ್ಲರ ಅಂಗೈಗೂ ಏನನ್ನೋ ಸುರಿಯುತ್ತ ಹೋದ. ಹಿಂದೆ ಮುಂದೆ ನೋಡದೆ ನಾನು ಅದನ್ನು ತೀರ್ಥದಂತೆ ಬಾಯಿಗೆ ಹಾಕಿಕೊಂಡೆ. ಗಂಟಲು ಸುಟ್ಟುಹೋಯಿತು. ಅದು ನಿಂಬೆ ವಾಸನೆಯ ಅತ್ತರು. ಕೈಗೆ, ಕತ್ತಿಗೆ ಹಚ್ಚಿಕೊಳ್ಳಲು ಕೊಡುವಂಥದ್ದು. ಮದುವೆಮನೆಯಲ್ಲಿ ನಾವು ಪನ್ನೀರು ಎರಚುವ ಹಾಗೆ ಅವರು ಎಲ್ಲಿ ಹೋದರೂ ಇದನ್ನು ಸುರಿಯುತ್ತಾರೆ. ನಾನು ಕೆಮ್ಮುವುದನ್ನು ನೋಡುತ್ತ ಕಾಶವ್ವ ತನ್ನ ಪಾಲಿನದನ್ನು ಮಂಡಿಗೆ ತಿಕ್ಕಿಕೊಂಡಳು. ನೋವು ಇಳಿಯಿತು ಎಂದಳು. ಆಮೇಲೆ ಹುಡುಗ ಬಂದಾಗಲೆಲ್ಲ ಎರಡೂ ಕೈ ಚಾಚಿದಳು.

ಹೊರಗೆ ಹೊಲಗಳು. ಬಿಸಿಲು ನಮ್ಮದರಂತೆಯೇ. ಆಲಿವ್ ಎಂಬ ಗಿಡಗಳ ಸಾಲು ಕಂಡು ಕಾಶವ್ವ, "ಬೇವಿನ ಗಿಡ ಕುಳ್ಳ ಆಗ್ಯಾವ" ಎಂದಳು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತು. ಆಳಂದದಲ್ಲಿ ಬೆಳಗಾದರೆ ಕಿವಿಗೆ ಬೀಳುವ ದಖನಿ ಮಾತಿನ ಚೂರುಗಳು ಅಲ್ಲಿಯ ಮಾತಿನಲ್ಲಿ ಅಲ್ಲಲ್ಲಿ ಸಿಗುತ್ತಿದ್ದವು. ಹವಾ ಎಂದರೆ ಹವಾ. ದುನಿಯಾ ಎಂದರೆ ದುನಿಯಾ. ಸಾಬೂನು ಎಂದರೆ ಸಾಬೂನು. ಎಲ್ಲ ಸರಿ ಎನ್ನಲು ತಮಾಮ್. ಮೊದಲ ದಿನವೇ ನಾನು ಇಪ್ಪತ್ತು ಶಬ್ದ ಲೆಕ್ಕ ಹಾಕಿ, ಈ ದೇಶದಲ್ಲಿ ನಾನು ಕಳೆದುಹೋಗುವುದಿಲ್ಲ ಎಂದು ನಿರ್ಧರಿಸಿದೆ.

ಪ್ರದರ್ಶನದ ಮೊದಲ ದಿನ

ಪ್ರದರ್ಶನದ ಬಯಲಿನಲ್ಲಿ ನಮಗೊಂದು ಮಳಿಗೆ. ಒಂದು ಬದಿಗೆ ಕಾಶವ್ವನ ಕೌದಿಗಳು, ಇನ್ನೊಂದು ಬದಿಗೆ ನನ್ನ ಮೇಜು. ಮೊದಲ ಮೂರು ದಿನ ಜನರ ಮುಂದೆ ಮಾಡಿ ತೋರಿಸುವುದು, ಆಮೇಲೆ ಮಾರಾಟ ಎಂದು ದೇಸಾಯಿ ಸಾಹೇಬರು ಹೇಳಿದ್ದರು. ನಮಗೆ ದುಭಾಷಿಯಾಗಿ ಆಯ್ಶೆ ಎಂಬ ಕಾಲೇಜಿನ ಹುಡುಗಿಯನ್ನು ಕೊಟ್ಟಿದ್ದರು. ತೆಳ್ಳಗಿನ ಮೈ, ಅವಸರದ ಇಂಗ್ಲಿಷು, ನಕ್ಕರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಪದಕದ ಮೈಗೆ ಬೇಕಾಗುವಷ್ಟು ಬಳೆ ಚೂರನ್ನು ಭಾರವೆಂದು ನಾನು ಊರಿನಿಂದ ತಂದಿರಲಿಲ್ಲ. ಹತ್ತಿರದ ಒಂದು ಹಳ್ಳಿಯಲ್ಲಿ ನೀಲಿ ಗಾಜಿನ ಮಣಿ ಮಾಡುತ್ತಾರಂತೆ; ಅಲ್ಲಿಂದ ಬೆರಳು ದಪ್ಪದ ನೀಲಿ ಕಡ್ಡಿಗಳನ್ನು ತರಿಸಿಟ್ಟಿದ್ದರು. ನೆಲ ನೀಲಿ, ಅದರ ಮೇಲೆ ನಮ್ಮ ಹಸಿರು ಬಳೆಯ ಹನಿ ಎಂದು ಮನಸ್ಸಿನಲ್ಲೇ ಚಿತ್ರ ಹಾಕಿಕೊಂಡೆ. ಮನೆಯ ಸೀಮೆಎಣ್ಣೆ ಉರಿಯ ಬದಲು ಇಲ್ಲಿ ಗ್ಯಾಸಿನ ಉರಿ. ಅದು ಎರಡು ಪಟ್ಟು ಚುರುಕು. ತಣ್ಣನೆಯ ಕಡ್ಡಿಯನ್ನು ಒಮ್ಮೆಲೇ ಒಳಗೆ ಚಾಚಿದ್ದಕ್ಕೆ ತುದಿ ಪಟ್ಟೆಂದು ಸಿಡಿದು ಮೇಜಿನಾಚೆ ಹಾರಿತು. ನಿಂತ ಜನ ಚಪ್ಪಾಳೆ ತಟ್ಟಿದರು. ಅದೂ ಆಟದ ಭಾಗವೆಂದುಕೊಂಡರು. ಎರಡನೆಯ ಕಡ್ಡಿಯನ್ನು ಉರಿಯ ಹೊರ ಅಂಚಿನಲ್ಲಿ ಬೆಚ್ಚಗೆ ಮಾಡಿ, ನಿಧಾನ ಒಳಗೆ ತಂದೆ. ಕೈ ಹತ್ತಿತು.

ಬೂದಿ ಇಲ್ಲದ್ದಕ್ಕೆ ಒಂದು ಡಬ್ಬಿಯಲ್ಲಿ ಮರಳು ಕಾಯಿಸಿಟ್ಟುಕೊಂಡಿದ್ದೆ. ಮಧ್ಯಾಹ್ನದವರೆಗೆ ನಡೆಯಿತು. ಮಧ್ಯಾಹ್ನ ದಾಟುತ್ತಲೇ ಕಡಲಿನಿಂದ ಗಾಳಿ ಎದ್ದಿತು. ಆ ಊರಿನಲ್ಲಿ ಬೇಸಿಗೆಯ ದಿನಗಳಲ್ಲಿ ಹೊತ್ತು ತಪ್ಪದೆ ಏಳುವ ಗಾಳಿ ಅದಂತೆ. ಜನ ಅದಕ್ಕಾಗಿ ಕಾಯುತ್ತಾರೆ, ಕಿಟಕಿ ತೆರೆಯುತ್ತಾರೆ. ನನ್ನ ಮರಳು ಅರ್ಧ ತಾಸಿನಲ್ಲಿ ತಣ್ಣಗಾಯಿತು. ಟಿಕ್ ಎಂದಿತು. ಮತ್ತೆ ಟಿಕ್. ಆ ಸದ್ದು ಗಾಜಿನ ಕೆಲಸದವರಿಗೆ ಎಷ್ಟು ದೂರದಲ್ಲಿದ್ದರೂ ಕೇಳುತ್ತದೆ. ಸಂಜೆ ಡಬ್ಬಿ ತೆರೆದರೆ ಒಂಬತ್ತು ಪದಕದಲ್ಲಿ ಏಳು ಬಿರುಕು.

"ಇಲ್ಲಿ ಹವಾ ಸರಿ ಇಲ್ಲೇನ್ರಿ?" ಎಂದರು ದೇಸಾಯಿ ಸಾಹೇಬರು.

"ಹವಾ ಛಲೋ ಅದರಿ. ನನ್ನ ಡಬ್ಬಿ ಸರಿ ಇಲ್ಲ. ನಾಳಿಗಿ ಸರಿ ಮಾಡ್ತೇನಿ."

ಹಾಗೆ ಹೇಳುವಾಗ ಹೇಗೆಂದು ನನಗೆ ಗೊತ್ತಿರಲಿಲ್ಲ. ಆದರೆ ಗಾಜು ಕಾರಣವಿಲ್ಲದೆ ಒಡೆಯುವುದಿಲ್ಲ, ಕಾರಣ ಹುಡುಕಿದರೆ ಸಿಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ರೊಟ್ಟಿ ಭಟ್ಟಿಯ ಬೂದಿ

ಎರಡನೆಯ ದಿನ ಬೆಳಿಗ್ಗೆ ಕಾಶವ್ವ ಆಯ್ಶೆಯ ಕೈ ಹಿಡಿದುಕೊಂಡು ಎಲ್ಲಿಗೋ ಹೊರಟಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಒಂದು ತಾಸಿನ ಮೇಲೆ ಒಂದು ಬಕೆಟ್ ಬೂದಿಯೊಂದಿಗೆ ಬಂದರು. ಅಲ್ಲಿ ಕಟ್ಟಿಗೆ ಉರಿಸಿ ದೊಡ್ಡ ದೊಡ್ಡ ರೊಟ್ಟಿ ಸುಡುವ ಭಟ್ಟಿಗಳಿವೆ. ಜನ ಮನೆಯಲ್ಲಿ ರೊಟ್ಟಿ ಮಾಡದೆ ಅಲ್ಲಿಂದಲೇ ಕೊಂಡು ಕಂಕುಳಲ್ಲಿಟ್ಟುಕೊಂಡು ಹೋಗುತ್ತಾರೆ. ಅಂಥ ಒಂದು ಭಟ್ಟಿಯ ಮುಂದೆ ಕಾಶವ್ವ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಒಲೆಯಿಂದ ಬೂದಿ ಎಳೆಯುವ ಅಭಿನಯ ಮಾಡಿ ತೋರಿಸಿದಳಂತೆ. ಭಟ್ಟಿಯವ ನಕ್ಕು, ಬೂದಿಯ ಮೇಲೆ ಎರಡು ಬಿಸಿ ರೊಟ್ಟಿಯನ್ನೂ ಕೊಟ್ಟಿದ್ದ.

"ನಾ ಹೇಳಿದ್ದಿಲ್ಲೇನ್ ಬೇ? ಒಲಿ ಇದ್ದಲ್ಲಿ ಬೂದಿ."

ಬೂದಿ ಜರಡಿ ಹಿಡಿದೆ. ಕಾಶವ್ವ ತನ್ನ ದಪ್ಪನೆಯ ಕೌದಿಯೊಂದನ್ನು ಮಳಿಗೆಯ ಗಾಳಿ ಬದಿಗೆ ಇಳಿಬಿಟ್ಟಳು. ಡಬ್ಬಿಯನ್ನು ಸಣ್ಣ ಒಲೆಯ ಮೇಲಿಟ್ಟು, ಸಂಜೆ ಉರಿ ಆರಿಸಿ, ಹಾಗೇ ಬೆಳಗಿನವರೆಗೆ ಬಿಟ್ಟೆ. ಮರುದಿನ ತೆರೆದರೆ ಹನ್ನೆರಡಕ್ಕೆ ಹನ್ನೆರಡೂ ನೆಟ್ಟಗೆ. ನೀಲಿಯ ಮೇಲೆ ಹಸಿರು ಹನಿಗಳು, ಮಳೆಗಾಲದಲ್ಲಿ ಭೀಮಾ ನದಿಯ ದಂಡೆಗೆ ಚಿಗುರಿದ ಹುಲ್ಲಿನ ಬಣ್ಣ. ಅದರಲ್ಲಿ ಅತ್ಯಂತ ಚೆಂದದ್ದನ್ನು ದಾರಕ್ಕೆ ಪೋಣಿಸಿ ಆಯ್ಶೆಯ ಕೊರಳಿಗೆ ನಾನೇ ಕಟ್ಟಿದೆ. ಇದು ಒಡೆಯುವುದಿಲ್ಲ ಎಂದೂ ಹೇಳಿದೆ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಆ ದಿನ ಚಹಾ ಕುಡಿದೂ ಕುಡಿದೂ ಸಾಕಾಯಿತು. ಅಲ್ಲಿ ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಡುತ್ತಾರೆ. ಖಾಲಿ ಮಾಡಿದ ಕೂಡಲೇ ಮತ್ತೆ ತುಂಬುತ್ತಾರೆ. ಬಿಟ್ಟರೆ ಅವಮಾನವೆಂದು ನಾವು ಕುಡಿಯುತ್ತಲೇ ಇದ್ದೆವು. ಏಳನೆಯ ಲೋಟಕ್ಕೆ ಆಯ್ಶೆ ಕನಿಕರಪಟ್ಟು ಹೇಳಿಕೊಟ್ಟಳು: ಸಾಕಾದರೆ ಚಮಚವನ್ನು ಲೋಟದ ಬಾಯಿಯ ಮೇಲೆ ಅಡ್ಡ ಇಡಬೇಕು.

ಆಯ್ಶೆ ತಂದ ಸುದ್ದಿ

ನಾಲ್ಕನೆಯ ದಿನ ಮಾರಾಟ ಶುರುವಾಗಬೇಕಿತ್ತು. ಬೆಳಿಗ್ಗೆ ಆಯ್ಶೆ ಓಡುತ್ತ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಕಣ್ಣು ತುಂಬಿದ್ದವು. ಕೊರಳಿನ ಪದಕ ಎತ್ತಿ ತೋರಿಸಿದಳು. ಹಸಿರು ಹನಿಯ ಸುತ್ತ ಕೂದಲೆಳೆಯಂಥ ಬಿರುಕು ಹಬ್ಬಿ, ನೀಲಿಯನ್ನು ಅರ್ಧ ಸೀಳಿತ್ತು.

ನಾನು ಬಗ್ಗಿ ಬಿರುಕು ನೋಡಿದೆ. ಅವಳು ಹೇಳುತ್ತಿದ್ದದ್ದು ಬೇರೆಯೇ. ಹಿಂದಿನ ಸಂಜೆ ಊಟಕ್ಕೆ ಕುಳಿತಾಗ ಪದಕ ಟಿಕ್ ಎಂದಿತಂತೆ. ಅದೇ ಹೊತ್ತಿಗೆ ಅವಳ ಅಣ್ಣ ಸ್ಕೂಟರ್ ಜಾರಿ ಲಾರಿಯ ಪಕ್ಕಕ್ಕೆ ಬಿದ್ದನಂತೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆ ದೇಶದಲ್ಲಿ ಕೆಟ್ಟ ನಜರ್ ತಾಗದಿರಲೆಂದು ಮಕ್ಕಳ ಅಂಗಿಗೆ, ಬಾಗಿಲಿಗೆ, ದನದ ಕೊರಳಿಗೆ ನೀಲಿ ಗಾಜಿನ ಮಣಿ ಕಟ್ಟುತ್ತಾರೆ. ಆ ಮಣಿ ಒಡೆದರೆ ದೃಷ್ಟಿಯನ್ನು ತನ್ನ ಮೇಲೆ ತೆಗೆದುಕೊಂಡಿತು ಎಂದು ನಂಬಿಕೆ. ನಾವು ಲಿಂಬೆಹಣ್ಣು ಇಳಿಸಿ ಒಗೆಯುವುದಿಲ್ಲವೆ, ಹಾಗೆ.

"ನಿಮ್ಮ ಗಾಜು ನನ್ನ ಅಣ್ಣನನ್ನು ಉಳಿಸಿತು" ಎಂದಳು.

ನಾನು ಪದಕದ ತಟ್ಟೆ ತೆಗೆದು ನೋಡಿದೆ. ಉಳಿದ ಹನ್ನೊಂದರಲ್ಲಿ ಮೂರು ಒಡೆದಿದ್ದವು. ಯಾರೂ ಮುಟ್ಟಿರಲಿಲ್ಲ. ಎಲ್ಲವೂ ಹಸಿರಿನ ಸುತ್ತಲೇ.

ಅಷ್ಟರಲ್ಲಿ ಸುದ್ದಿ ಅಕ್ಕಪಕ್ಕದ ಮಳಿಗೆಗಳಿಗೆ ಹಬ್ಬಿ ಹೆಂಗಸರು ಬಂದು ನಿಂತಿದ್ದರು. ಎಲ್ಲರಿಗೂ ಹಿಂದೂಸ್ತಾನದ ಆ ಪದಕ ಬೇಕು. ದೇಸಾಯಿ ಸಾಹೇಬರ ಮುಖ ಅರಳಿತ್ತು.

"ಮಹಾನಂದಾಬಾಯಿ, ತಟ್ಟಿ ಮುಂದ ಇಡ್ರಿ. ಇಲ್ಲಿ ಮಂದಿ ಒಡದದ್ದಕ್ಕೂ ಕೈ ಮುಗೀತಾರ."

"ಇವು ಒಡಿತಾವು ಅಂತ ನನಗ ಗೊತ್ತಾಗ್ಯಾದರಿ. ಗೊತ್ತಿದ್ದೂ ಹ್ಯಾಂಗ ಕೊಡ್ಲಿ?"

"ಅವರ ನಂಬಿಕಿ ಅವರದು. ನಾವೇನು ಸುಳ್ಳ ಹೇಳಿದಂಗಾಗೂದಿಲ್ಲ."

"ನಾ ಸುಮ್ಮನಿದ್ದರ ಸುಳ್ಳ ಹೇಳಿದಂಗ ಆಗ್ತದರಿ. ಅವರು ನಜರ್ ಅಂತಾರ, ನಾ ನನ್ನ ತಪ್ಪು ಮುಚ್ಚಿಡ್ತೇನಿ. ಒಂದ ದಿನ ಕೊಡ್ರಿ. ಆ ನೀಲಿ ಗಾಜು ಬಂದ ಹಳ್ಳಿಗಿ ಹೋಗಿ ಬರ್ತೇನಿ."

ಸಾಹೇಬರು ಕಾಶವ್ವನ ಕಡೆ ನೋಡಿದರು, ಅವಳಾದರೂ ಬುದ್ಧಿ ಹೇಳಲಿ ಎಂಬಂತೆ. ಕಾಶವ್ವ ಸೂಜಿ ಬಾಯಲ್ಲಿ ಕಚ್ಚಿಕೊಂಡೇ, "ಹೋಗ್ಲಿ ಬಿಡ್ರಿ ಸಾಹೇಬ್ರ. ಹೊಲಿಗಿ ಬಿಚ್ಚಿದ ಕೌದಿ ನಾನೂ ಮಾರೂದಿಲ್ಲ" ಎಂದಳು. ಅವರು ನಿಂತ ಹೆಂಗಸರಿಗೆ ಕೆಲವು ದಿನ ಬಿಟ್ಟು ಬರಲು ಹೇಳಿ, ಬೇಸರದಿಂದಲೇ ಒಪ್ಪಿದರು.

ಮಣಿಯ ಹಳ್ಳಿ

ಆಯ್ಶೆಯೇ ನಮ್ಮನ್ನು ಕರೆದುಕೊಂಡು ಹೋದಳು. ಗುಡ್ಡದ ಬದಿಯ ಹಳ್ಳಿ. ತಗ್ಗಿನ ಗುಡಿಸಲೊಳಗೆ ಮಣ್ಣಿನ ಭಟ್ಟಿ, ಅದಕ್ಕೆ ಸುತ್ತಲೂ ಕಿಂಡಿಗಳು. ಒಂದೊಂದು ಕಿಂಡಿಯ ಮುಂದೆ ಒಬ್ಬೊಬ್ಬ ಗಂಡಸು ಕಬ್ಬಿಣದ ಸಲಾಕೆ ಹಿಡಿದು ಕುಳಿತಿದ್ದ. ಪೈನ್ ಕಟ್ಟಿಗೆಯ ಹೊಗೆ. ಕೊಳಕೂರಿನಲ್ಲಿ ನಮ್ಮ ಮನೆಯ ಹಿಂದೆ ಬೆಲ್ಲದ ಗಾಣ ನಡೆಯುತ್ತಿದ್ದಾಗಿನ ಬಿಸಿ ಅಲ್ಲಿತ್ತು. ಮಣಿ ಮಾಡಿದವರು ಅದನ್ನು ಭಟ್ಟಿಯ ಪಕ್ಕಕ್ಕೇ ಕಟ್ಟಿದ ಬೆಚ್ಚನೆಯ ಗೂಡಿನೊಳಗೆ ಉದುರಿಸುತ್ತಿದ್ದರು. ಅಲ್ಲಿ ಅದು ಮೆಲ್ಲಗೆ ಆರುತ್ತಿತ್ತು. ನನ್ನ ಬೂದಿಯ ಕೆಲಸವನ್ನು ಅವರ ಗೋಡೆ ಮಾಡುತ್ತಿತ್ತು.

ಹಿರಿಯನನ್ನು ಎಲ್ಲರೂ ಹಸನ್ ಉಸ್ತಾ ಎನ್ನುತ್ತಿದ್ದರು. ನಮ್ಮ ಉಸ್ತಾದನೇ ಅಲ್ಲಿ ಉಸ್ತಾ. ಬಿಳಿ ಮೀಸೆ, ಹುಬ್ಬಿನ ಕೂದಲು ಉರಿಗೆ ಸುಟ್ಟು ಹೋಗಿತ್ತು. ಹೆಣ್ಣುಮಗಳೊಬ್ಬಳು ಭಟ್ಟಿಯ ಮುಂದೆ ಕೂರುವುದನ್ನು ಅವನು ನೋಡಿರಲಿಲ್ಲ. ಬೇಡವೆಂಬಂತೆ ಗದ್ದ ಮೇಲೆತ್ತಿ ನಾಲಗೆಯಿಂದ ಲೊಚ್ ಎಂದ. ನಮ್ಮಲ್ಲಿಯೂ ಬೇಡ ಎನ್ನಲು ಹೀಗೇ ಲೊಚಗುಟ್ಟುತ್ತಾರಾದ್ದರಿಂದ ನನಗೆ ದುಭಾಷಿ ಬೇಕಾಗಲಿಲ್ಲ. ನಾನು ಒಡೆದ ಪದಕಗಳಲ್ಲಿ ಒಂದನ್ನು ಅವನ ಅಂಗೈಯಲ್ಲಿಟ್ಟೆ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಆಮೇಲೆ ಸರಿದು ಜಾಗ ಕೊಟ್ಟ.

ನಮ್ಮ ಮನೆಯವರು ಪ್ರಯೋಗಶಾಲೆಯಲ್ಲಿ ಒಂದು ಪರೀಕ್ಷೆ ಮಾಡುತ್ತಿದ್ದರು. ಎರಡು ಬಗೆಯ ಗಾಜು ಒಂದಕ್ಕೊಂದು ಒಗ್ಗುತ್ತವೆಯೋ ಇಲ್ಲವೋ ತಿಳಿಯಲು ಎರಡರ ತುದಿಗಳನ್ನೂ ಅಕ್ಕಪಕ್ಕ ಜೋಡಿಸಿ ಕರಗಿಸಿ, ಒಂದೇ ದಾರವಾಗಿ ಎಳೆಯುವುದು. ಆರುವಾಗ ಎರಡೂ ಒಂದೇ ಅಳತೆಗೆ ಕುಗ್ಗಿದರೆ ದಾರ ನೆಟ್ಟಗೆ ಉಳಿಯುತ್ತದೆ. ಒಂದು ಹೆಚ್ಚು ಕುಗ್ಗಿದರೆ ಅದರ ಕಡೆಗೆ ಬಾಗುತ್ತದೆ. ಮನೆಯಲ್ಲಿ ನಾನು ಬಳೆಗೆ ಬಳೆಯನ್ನೇ ಕೂಡಿಸುತ್ತಿದ್ದವಳು. ಈ ಪರೀಕ್ಷೆ ಬೇಕಾಗಿರಲಿಲ್ಲ. ಇಲ್ಲಿ ಬಂದು, ಬೇರೆ ದೇಶದ ನೀಲಿಗೆ ಆಳಂದದ ಹಸಿರು ಬೆಸೆಯುವಾಗ, ನೆನಪಾಗಬೇಕಿತ್ತು. ಹೊಗಳಿಕೆ ಕೇಳಿ ಕೇಳಿ ನೆನಪಾಗಿರಲಿಲ್ಲ.

ಅವರ ನೀಲಿಯನ್ನೂ ನಮ್ಮ ಹಸಿರನ್ನೂ ಜೋಡಿಸಿ ಎಳೆದೆ. ಮೊಳದುದ್ದದ ದಾರ. ಒಂದೆರಡು ಉಸಿರು ಸುಮ್ಮನಿತ್ತು. ಆಮೇಲೆ ಎಲ್ಲರ ಕಣ್ಣ ಮುಂದೆಯೇ, ಯಾರೋ ತುದಿ ಹಿಡಿದು ಜಗ್ಗಿದಂತೆ, ಮೆಲ್ಲಗೆ ಬಾಗಿ ಕುಡುಗೋಲಿನಂತಾಯಿತು.

ಹಸನ್ ಉಸ್ತಾ ಅದನ್ನು ಎತ್ತಿ ಹಿಡಿದು ಏನೋ ಅಂದ. ಕಿಂಡಿಗಳ ಮುಂದಿದ್ದವರೆಲ್ಲ ನಕ್ಕರು.

"ಇವೆರಡೂ ಮುನಿಸಿಕೊಂಡಿವೆ, ಮಾತು ಬಿಟ್ಟಿವೆ ಎನ್ನುತ್ತಿದ್ದಾನೆ" ಎಂದಳು ಆಯ್ಶೆ.

ನಾನು ಡಬ್ಬಿಯಲ್ಲಿದ್ದ ಕೆಂಪು, ಅರಿಶಿನ, ಬಿಳಿ ಬಳೆಗಳನ್ನೂ ಒಂದೊಂದಾಗಿ ಎಳೆದು ನೋಡಿದೆ. ಎಲ್ಲವೂ ಬಾಗಿದವು; ಹೆಚ್ಚು ಕಡಿಮೆ ಅಷ್ಟೇ. ನನ್ನ ಬಳೆಗಳು ಆ ನೀಲಿಯ ಜೊತೆ ಬಾಳುವಂತಿರಲಿಲ್ಲ. ಬರೀ ನೀಲಿ ಪದಕ ಮಾಡಬಹುದಿತ್ತು. ಆದರೆ ಅದು ಅವರದೇ ಮಣಿಯಾಗುತ್ತದೆ, ನನ್ನದಲ್ಲ. ನನಗೆ ಹಸಿರು ಬೇಕಿತ್ತು. ನಮ್ಮ ಹಸಿರು ಬಳೆಯನ್ನು ತೋರಿಸಿ, ಇಂಥ ರಂಗು ಬೇಕು ಎಂದೆ. ರಂಗು ಅವನಿಗೆ ತಿಳಿಯಿತು. ಅವರಲ್ಲಿ ಅದು ರೆಂಕ್. ಅವನು ಯೋಚಿಸಿ, "ಶಿಶೆ" ಎಂದ.

ಆಯ್ಶೆ ಅನುವಾದಿಸಲು ಬಾಯಿ ತೆರೆಯುವ ಮೊದಲೇ ನಾನು ಎದ್ದಿದ್ದೆ. ಶೀಶೆ. ಬಾಟಲಿ. ಗುಡಿಸಲ ಹಿಂದೆ ಒಡೆದ ಶೀಶೆಗಳ ಗುಡ್ಡೆಯೇ ಬಿದ್ದಿತ್ತು. ಅವರು ನೀಲಿ ಗಾಜನ್ನು ಮಾಡುತ್ತಿದ್ದದ್ದೇ ಹಳೆಯ ಶೀಶೆಗಳನ್ನು ಕರಗಿಸಿ, ಅದಕ್ಕೆ ಬಣ್ಣ ಹಾಕಿ. ಹಾಗಾದರೆ ಅಲ್ಲಿಯ ಹಸಿರು ಶೀಶೆ ಅದರ ಒಡಹುಟ್ಟು. ಸೋಡಾದಂಥ ನೀರು ತುಂಬಿ ಮಾರುವ ಹಸಿರು ಶೀಶೆಯ ಚೂರೊಂದನ್ನು ಆರಿಸಿ ತಂದು ನೀಲಿಗೆ ಜೋಡಿಸಿ ಎಳೆದೆ. ಒಂದು ಉಸಿರು, ಎರಡು, ಹತ್ತು. ದಾರ ನೆಟ್ಟಗಿತ್ತು. ಬೆಳಕಿಗೆ ಹಿಡಿದೆ. ಆರಿ ತಣ್ಣಗಾದ ಮೇಲೂ ನೆಟ್ಟಗಿತ್ತು.

"ತಮಾಮ್?" ಎಂದ ಹಸನ್ ಉಸ್ತಾ.

"ತಮಾಮ್" ಎಂದೆ.

ಹೊರಗೆ ಅವನ ಹೆಂಡತಿ ಅಂಗಳದಲ್ಲಿ ಹಂಚಿನ ಮೇಲೆ ತೆಳ್ಳನೆಯ ರೊಟ್ಟಿ ಬೇಯಿಸುತ್ತಿದ್ದಳು. ಕೋಲಿನಷ್ಟು ಸಣ್ಣ ಲಟ್ಟಣಿಗೆ. ಕಾಶವ್ವ ಅದನ್ನು ಬದಿಗಿರಿಸಿ, ಹಿಟ್ಟಿನ ಉಂಡೆಯನ್ನು ನಮ್ಮ ಜೋಳದ ರೊಟ್ಟಿಯಂತೆ ಅಂಗೈಯಿಂದ ತಟ್ಟತೊಡಗಿದಳು. ಗೋಧಿ ಹಿಟ್ಟು ಅಗಲವಾಗದೆ ಹಿಂದಕ್ಕೆ ಸರಿಯಿತು. "ಇದರಾಗ ಜೀವ ಇಲ್ಲ ಬೇ, ರಬ್ಬರ್ ಅದ" ಎಂದು ಕೈ ಝಾಡಿಸಿಕೊಂಡಳು. ಆ ಹೆಂಗಸು ನಗುತ್ತ ಅವಳ ಬಾಯಿಗೇ ಒಂದು ತುಂಡು ಇಟ್ಟಳು.

ಮರಳಿ ಬರುವ ಬಸ್ಸು

ಬಸ್ಸಿನಲ್ಲಿ ಆಯ್ಶೆ ಪಕ್ಕದಲ್ಲಿ ಕುಳಿತಿದ್ದಳು. ಬಾಗಿದ ದಾರವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದೆ. ತೆಗೆದು ತೋರಿಸಿ ಹೇಳಿದೆ:

"ನೋಡಿದಿಯಲ್ಲ. ನಿನ್ನ ಪದಕ ಒಡೆದದ್ದು ಇದಕ್ಕೆ. ತಪ್ಪು ನನ್ನದು. ನಿನ್ನ ಅಣ್ಣ ಉಳಿದದ್ದು ಅವನ ಪುಣ್ಯ. ನನಗೆ ಕೈ ಮುಗಿಯಬೇಡ."

ಅವಳು ದಾರವನ್ನು ಬೆರಳಿನಿಂದ ಸವರಿದಳು.

"ಇದು ಯಾಕೆ ಒಡೆಯಿತು ಎಂಬುದನ್ನು ನೀವು ಹೇಳಿದಿರಿ. ಆ ಸಂಜೆ, ಆ ಗಳಿಗೆಗೇ ಯಾಕೆ ಒಡೆಯಿತು ಎಂಬುದನ್ನು ಹೇಳಿ."

ನಾನು ದಾರವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿಟ್ಟೆ. ಹಿಂದಿನ ಸೀಟಿನಲ್ಲಿ ಕಾಶವ್ವ ನಿದ್ದೆ ಹೋಗಿದ್ದಳು, ಎರಡೂ ಕೈಗೆ ಅತ್ತರಿನ ವಾಸನೆ.

ಕೊನೆಯ ದಿನ

ಆಮೇಲೆ ನನ್ನ ಕೈ ನಿಲ್ಲಲಿಲ್ಲ. ನೀಲಿಯ ಮೇಲೆ ಹಳ್ಳಿಯಿಂದ ತಂದ ಶೀಶೆ ಹಸಿರು. ಹೀಗೆ ಮೊದಲ ದಿನ ಮಾಡಿದ್ದನ್ನು ಮೂರು ದಿನ ತಟ್ಟೆಯಲ್ಲಿಟ್ಟು ಕಾದೆ. ದೇಸಾಯಿ ಸಾಹೇಬರು ಸಂಜೆಗೊಮ್ಮೆ ಬಂದು ತಾವೇ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಂದೂ ಟಿಕ್ ಎನ್ನಲಿಲ್ಲ. ಅದಾದ ಮರುದಿನ ತಟ್ಟೆ ಮುಂದಿಟ್ಟೆವು. ಹೆಂಗಸರು ಕೇಳಿದ್ದು ಒಂದೇ ಪ್ರಶ್ನೆ: ಇದು ಒಡೆಯುತ್ತದೆಯೇ? ಇಲ್ಲ ಎಂದು ಆಯ್ಶೆಯಿಂದ ಹೇಳಿಸಿದೆ. ಕೆಲವರು ಮುಖ ಸಪ್ಪಗೆ ಮಾಡಿಕೊಂಡು ಹೋದರು. ಹೆಚ್ಚಿನವರು ಚೆಂದ ಕಂಡು ಕೊಂಡರು.

"ಒಡಿಯೂದಿಲ್ಲ ಅಂದ್ರ ಬ್ಯಾಡ ಅನ್ನೂ ಮಂದೀನ ನಾ ಇಲ್ಲೇ ನೋಡಿದ್ದು" ಎಂದರು ಸಾಹೇಬರು. ಆದರೂ ಅವರ ದನಿಯಲ್ಲಿ ಬೇಸರ ಉಳಿದಿರಲಿಲ್ಲ. ಊರಿಗೆ ಒಯ್ಯಲು ಎರಡನ್ನು ತಾವೇ ಆರಿಸಿ ಇಟ್ಟುಕೊಂಡಿದ್ದರು.

ಕೊನೆಯ ದಿನ ಸಾಮಾನು ಕಟ್ಟುವಾಗ ಆಯ್ಶೆಗೆಂದು ಬೇರೆಯಾಗಿ ಮಾಡಿದ ಪದಕ ಕೊಟ್ಟೆ. ವೀಳ್ಯದೆಲೆಯ ಆಕಾರ, ನಡುವೆ ಐದು ಹಸಿರು ಹನಿ. ಅಷ್ಟು ಸಮನಾದ ಹನಿಗಳನ್ನು ಅದಕ್ಕಿಂತ ಮೊದಲೂ ಇಟ್ಟಿರಲಿಲ್ಲ, ಆಮೇಲೂ ಇಟ್ಟಿಲ್ಲ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಇದನ್ನು ಅಣ್ಣನಿಗೆ ಕೊಡುತ್ತೇನೆ. ಅವನು ಇನ್ನೂ ಸ್ಕೂಟರ್ ಬಿಟ್ಟಿಲ್ಲ. ಅವನಿಗೆ ಗಟ್ಟಿಯಾದದ್ದೇ ಬೇಕು."

"ನಿನಗೆ?"

ಅವಳು ಕೊರಳಿನ ಒಡಕು ಪದಕವನ್ನು ಹೊರಗೆ ತೆಗೆದಳು. ಬಿಚ್ಚಿ ಬೀಳದಂತೆ ಅದರ ಸುತ್ತ ಬಿಳಿ ರೇಷ್ಮೆ ದಾರ ಸುತ್ತಿದ್ದಳು. ಅದನ್ನು ಕೊಟ್ಟುಬಿಡು, ಇನ್ನೊಂದು ಮಾಡಿಕೊಡುತ್ತೇನೆ, ಉರಿಯ ನಳಿಕೆ ಇನ್ನೂ ಬಿಚ್ಚಿಲ್ಲ ಎಂದೆ. ಅಂಥ ಕೆಲಸ ನನ್ನ ಹೆಸರಿನಲ್ಲಿ ಹೊರಗೆ ತಿರುಗುವುದು ನನಗೆ ನಿಜಕ್ಕೂ ಬೇಡವಾಗಿತ್ತು. ಅವಳು ಅದರ ಮೇಲೆ ಅಂಗೈ ಮುಚ್ಚಿಕೊಂಡಳು.

ಕಾಶವ್ವ ಕೌದಿ ಮಡಚುತ್ತ ನನ್ನ ಸೆರಗು ಜಗ್ಗಿದಳು.

"ಇರ್ಲಿ ಬಿಡು ತಂಗಿ. ಅದು ಅಕೀದು."

ನಾನು ಉರಿಯ ನಳಿಕೆ ಬಿಚ್ಚಿ, ಒರೆಸಿ, ಪೆಟ್ಟಿಗೆಗೆ ಹಾಕಿದೆ. ಇಜ್ಮಿರಿನಲ್ಲಿ ನಾನು ಮಾಡಿ ಮಾರಿದ ಪದಕಗಳು ಈಗಲೂ ನೆಟ್ಟಗಿವೆ ಎಂದು ಆಳಂದದಲ್ಲಿ ಕುಳಿತೇ ಹೇಳಬಲ್ಲೆ. ಅದಕ್ಕೆ ಯಾರ ಪತ್ರವೂ ಬೇಕಿಲ್ಲ. ಒಡೆದದ್ದೊಂದು ಮಾತ್ರ ಆ ಊರಿನಲ್ಲಿದೆ. ಅದನ್ನು ಮಾಡಿದ್ದು ಯಾರು ಎಂದು ಕೇಳಿದವರಿಗೆಲ್ಲ ಆಯ್ಶೆ ನನ್ನ ಹೆಸರನ್ನೂ ಊರಿನ ಹೆಸರನ್ನೂ ಹೇಳುತ್ತಿರುತ್ತಾಳೆ.